ನಕ್ಷತ್ರ ನೋಡೋ ಹೋಂಸ್ಟೇ ಕಟ್ಟೋಕೆ ಮುಂಚೆ ಕಣದ ಲೈಟ್ ಆಫ್ ಮಾಡಿ

ಮೂಡಿಗೆರೆ, ಸಕಲೇಶಪುರ ಕಡೆ ತೋಟದಲ್ಲಿ ಎರಡು ರೂಮ್ ಹಾಕಿ, ಪರಿಸರಕ್ಕೂ ಹೊರೆ ಆಗದ ಹಾಗೆ ರಾತ್ರಿ ಆಕಾಶ ತೋರಿಸೋ ಸ್ಟೇ ಮಾಡ್ಬೇಕು ಅಂತ ಈಗ ಸುಮಾರು ಜನ ಕೇಳ್ತಾರೆ, ಕೇಳೋರು ಮೊದಲು ಮೊಬೈಲ್ ತೆಗೆದು ತೋರಿಸೋದು ಗಾಜಿನ ಡೋಮ್ ಫೋಟೋ. ಅದನ್ನ ಬಿಟ್ಹಾಕಿ. ನಮ್ಮ ಮಳೆಗೆ ಗಾಜಿನ ಮೇಲೆ ಪಾಚಿ ಕಟ್ಟತ್ತೆ, ಮಾರ್ಚ್ ಮಧ್ಯಾಹ್ನ ಒಳಗೆ ಕೂತ್ರೆ ಇಡ್ಲಿ ಥರ ಬೇಯ್ತೀರ, ಡಿಸೆಂಬರ್ ಚಳೀಲಿ ಮಲಗಿದವರ ಉಸಿರಿಗೇ ಗಾಜು ಮಬ್ಬಾಗತ್ತೆ, ಆಮೇಲೆ ಎಸಿ ಹಾಕ್ಬೇಕು, ಎಸಿಗೆ ಜನರೇಟರ್ ಬೇಕು, ಇನ್ನೆಲ್ಲಿಯ ಪರಿಸರ. ರೂಮ್ ಇರೋದು ಮಲಗೋಕೆ, ಆಕಾಶ ನೋಡೋಕೆ ಅಂಗಳ ಇದೆ.

ಅಂಗಳ ಅಂದ್ರೆ ಕಾಫಿ ತೋಟದವರಿಗೆ ಹೊಸದಾಗಿ ಏನೂ ಮಾಡೋದು ಬೇಡ, ಕಾಫಿ ಒಣಗಿಸೋ ಸಿಮೆಂಟಿನ ಕಣ ಇದ್ದೇ ಇದೆ. ಸುತ್ತ ಸಿಲ್ವರ್ ಓಕ್ ಎಷ್ಟೇ ಎತ್ತರ ಇದ್ರೂ ಕಾಫಿ ಒಣಗಬೇಕಲ್ಲ, ಅದಕ್ಕೇ ಅಜ್ಜನ ಕಾಲದಲ್ಲೇ ಬಿಸಿಲು ಬೀಳೋ ಕಡೆ ನೋಡಿ ಮಾಡಿರ್ತಾರೆ, ಬಿಸಿಲು ಬೀಳೋ ಕಡೆ ಆಕಾಶವೂ ಕಾಣತ್ತೆ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಒಂಬತ್ತು ಹತ್ತರ ತನಕ ಬೆಚ್ಚಗಿರತ್ತೆ, ಚಾಪೆ ಹಾಸಿ ಮೇಲೊಂದು ಕಂಬಳಿ ಹೊದ್ದು ಮಲಗಿದ್ರೆ ಬೆನ್ನಿಗೆ ಬಿಸಿ, ಮೂಗಿಗೆ ಚಳಿ, ಆ ಸುಖ ಯಾವ ಡೋಮ್‌ನಲ್ಲೂ ಸಿಗಲ್ಲ. ಟೆಲಿಸ್ಕೋಪ್ ಮಾತ್ರ ಕಣದ ಮೇಲೆ ಇಡಬೇಡಿ, ಆ ಬಿಸಿಗಾಳಿಗೆ ಗುರುಗ್ರಹ ನೀರೊಳಗಿನ ನಾಣ್ಯದ ಥರ ಅಲ್ಲಾಡತ್ತೆ, ಪಕ್ಕದ ಹುಲ್ಲಿನ ಮೇಲೆ ಇಡಿ. ಇನ್ನೊಂದು ತೊಡಕು ಅಂದ್ರೆ ಆಕಾಶ ಚೆನ್ನಾಗಿರೋ ಡಿಸೆಂಬರ್ ಜನವರೀಲೇ ಕಣದ ತುಂಬ ಕಾಫಿ ಇರತ್ತೆ. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಅರ್ಧ ಕಣ ಖಾಲಿ ಆಗತ್ತಲ್ಲ, ಅಷ್ಟು ಸಾಕು, ಆದ್ರೆ ಗೆಸ್ಟ್ ಮಕ್ಕಳು ರಾಶಿ ಹತ್ತದ ಹಾಗೆ ಒಂದು ಹಗ್ಗ ಕಟ್ಟಿ.

ಕಣ ಇಲ್ದಿದ್ರೆ ಜಾಗ ಹುಡುಕೋವಾಗ ದಕ್ಷಿಣಕ್ಕೆ ಮರ, ಗುಡ್ಡ ಅಡ್ಡ ಇಲ್ಲದ ಕಡೆ ನೋಡಿ. ನಾವು ಇರೋದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವ ನಕ್ಷತ್ರ ಉತ್ತರದಲ್ಲಿ ಅಷ್ಟೇ 13 ಡಿಗ್ರಿ ಎತ್ತರದಲ್ಲಿ ನಿಂತಿರತ್ತೆ, ಕೈ ಚಾಚಿ ಮುಷ್ಟಿ ಹಿಡಿದ್ರೆ 10 ಡಿಗ್ರಿ ಅಂದ್ಕೊಳ್ಳಿ, ಅಂದ್ರೆ ಮುಷ್ಟಿಗಿಂತ ಸ್ವಲ್ಪ ಮೇಲೆ. ಉತ್ತರ ಭಾರತದವರಿಗೆ ಸರಿಯಾಗಿ ಸಿಗದ ಸರಕು ನಮಗೆ ದಕ್ಷಿಣದಲ್ಲಿದೆ. ಫೆಬ್ರವರೀಲಿ ಊಟದ ಹೊತ್ತಿಗೆ ಅಗಸ್ತ್ಯ ನಕ್ಷತ್ರ, ಏಪ್ರಿಲ್ ಕೊನೆಗೆ ರಾತ್ರಿ ಹತ್ತರ ಸುಮಾರಿಗೆ ತ್ರಿಶಂಕು, ಅಂದ್ರೆ ಸದರ್ನ್ ಕ್ರಾಸ್ ಅನ್ನೋ ನಕ್ಷತ್ರಗಳ ಗುಂಪು. ತ್ರಿಶಂಕು ಎರಡು ಮುಷ್ಟಿಗಿಂತ ಮೇಲೆ ಬರೋದೇ ಇಲ್ಲ, ನಾಲ್ಕು ಮರ ಅಡ್ಡ ಇದ್ರೆ ಹೋಯ್ತು. ಹಾಗಂತ ಮರ ಕಡೀಬೇಡಿ, ನೀವು ಹತ್ತು ಮಾರು ಪಕ್ಕಕ್ಕೆ ಹೋಗಿ. ಗದ್ದೆ ಬಯಲು ಅಗಲ ಕಾಣತ್ತೆ ಆದ್ರೆ ಮಧ್ಯರಾತ್ರಿ ಮಂಜು ಅಲ್ಲೇ ಬಂದು ಕೂರತ್ತೆ, ಗುಡ್ಡದ ನೆತ್ತೀಲಿ ಗಾಳಿ, ಸಾಲದ್ದಕ್ಕೆ ಅಲ್ಲಿ ಹಚ್ಚಿದ ಒಂದು ಬಲ್ಬ್ ಇಡೀ ಕಣಿವೆಗೆ ಕಾಣತ್ತೆ. ಇಳಿಜಾರಿನ ಮಧ್ಯ ಒಳ್ಳೇದು. ಕಟ್ಟೋಕೆ ಮುಂಚೆ ಒಂದು ಅಮಾವಾಸ್ಯೆ ರಾತ್ರಿ ಅಲ್ಲೇ ಮಲಗಿ ನೋಡಿ. ಕೃತ್ತಿಕೆಯ ಗೊಂಚಲಲ್ಲಿ ಆರು ನಕ್ಷತ್ರ ಎಣಿಸೋಕೆ ಆದ್ರೆ ಜಾಗ ಪರವಾಗಿಲ್ಲ, ನಾಲ್ಕಕ್ಕೇ ನಿಂತ್ರೆ ಎಲ್ಲೋ ಲೈಟ್ ಜಾಸ್ತಿ ಇದೆ ಅಂತ.

ಈಗ ಲೈಟ್ ವಿಷಯ, ಅರ್ಧ ಡಿಸೈನ್ ಇದೇನೇ. ನಮ್ಮನೇಲಿ ಕಾಫಿ ಕಳ್ಳರ ಭಯಕ್ಕೆ ನಾನೇ ಕಣದ ಕಂಬಕ್ಕೆ 50 ವ್ಯಾಟ್‌ನ ಬಿಳಿ ಫ್ಲಡ್‌ಲೈಟ್ ಹಾಕಿದ್ದೆ, ಸ್ವಿಚ್ ಇದ್ದಿದ್ದು ಬೀಗ ಹಾಕಿದ ಗೋಡೌನ್ ಒಳಗೆ, ಬೀಗದ ಕೈ ತೋಟದ ಲೆಕ್ಕ ನೋಡೋ ರೈಟರ್ ಹತ್ರ. ಬೆಂಗಳೂರಿಂದ ಒಬ್ರು ಟೆಲಿಸ್ಕೋಪ್ ಹೊತ್ಕೊಂಡು ಬಂದ ದಿನವೇ ರೈಟರ್ ಊರಿಗೆ ಹೋಗಿದ್ದ, ಕೊನೆಗೆ ಏಣಿ ಹತ್ತಿ ಲೈಟಿಗೆ ಗೋಣಿಚೀಲ ಹೊದಿಸಿದ್ದಾಯ್ತು, ಚೀಲ ಬಿಸಿ ಆಗಿ ವಾಸನೆ ಬರ್ತಿತ್ತು, ಮರ್ಯಾದೆ ಹೋಯ್ತು. ಈಗ ಅಲ್ಲಿ ಸೆನ್ಸರ್ ಲೈಟ್ ಇದೆ, ಮೇಲೆ ತಗಡಿನ ಟೋಪಿ, ಬೆಳಕು ನೆಲಕ್ಕೆ ಮಾತ್ರ, ಯಾರಾದ್ರೂ ಓಡಾಡಿದ್ರೆ ಮಾತ್ರ ಹತ್ತತ್ತೆ. ನೋಡೋ ಹೊತ್ತಲ್ಲಿ ಆಫ್ ಮಾಡೋಕೆ ಸ್ವಿಚ್ ಈಗ ಜಗಲೀಲಿದೆ.

ಬಲ್ಬ್ ತರೋವಾಗ ಡಬ್ಬಿ ಮೇಲೆ ಬೆಳಕಿನ ಬಣ್ಣ ಹೇಳೋ ಕೆಲ್ವಿನ್ ಸಂಖ್ಯೆ ನೋಡಿ, 6500 ಅಂತಿದ್ರೆ ಬೇಡ, 2700ಕ್ಕಿಂತ ಜಾಸ್ತಿ ಬೇಡ, 2200ರ ಅಂಬರ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಬಿಳಿ ಎಲ್‌ಇಡಿಯಲ್ಲಿರೋ ನೀಲಿ ಬೆಳಕೇ ಗಾಳೀಲಿ ಜಾಸ್ತಿ ಚದುರೋದು. ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ 20–30 ನಿಮಿಷ ಬೇಕು, ಕೆಡೋಕೆ ಒಂದು ಬಾತ್‌ರೂಮ್ ಬಾಗಿಲು ತೆಗೆದ್ರೆ ಸಾಕು. ಅದಕ್ಕೇ ಬಾತ್‌ರೂಮ್ ಬಾಗಿಲು, ಅಡುಗೆಮನೆ ಕಿಟಕಿ ಎರಡೂ ಕಣದ ಕಡೆಗೆ ಇರಬಾರ್ದು. ಪಾರ್ಕಿಂಗ್ ಮನೆ ಹಿಂದೆ ಮಾಡಿ, ಹತ್ತು ಗಂಟೆಗೆ ಬರೋ ಗೆಸ್ಟ್ ಹೈಬೀಮ್ ಹಾಕ್ಕೊಂಡೇ ಬರೋದು. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಇದರಿಂದ ಇನ್ನೊಂದು ಲಾಭ, ಮೇ ಕೊನೆಗೆ ಮಳೆ ಶುರುವಾಗೋ ಮುಂಚೆ ಮಿಂಚುಹುಳ ಮರದ ತುಂಬ ಕೂತ್ಕೊಳ್ಳತ್ತೆ, ಕತ್ತಲಿದ್ರೇ ಅದರ ಆಟ.

ಕಟ್ಟಡಕ್ಕೆ ಜಾಸ್ತಿ ಹೇಳಲ್ಲ, ಮಣ್ಣಿನ ಬ್ಲಾಕ್ ಗೋಡೆ, ಹಳೆ ಮನೆ ಕೆಡವಿದ ಕಡೆಯಿಂದ ಮಂಗಳೂರು ಹೆಂಚು, ಮೂರು ಅಡಿ ಸೂರು ಹೊರಗೆ ಬಿಡಿ, ಗೋಡೆಗೆ ಇರಚಲು ಹೊಡೆಯಲ್ಲ, ಜಗಲಿ ಬಲ್ಬಿಗೂ ಅದೇ ಟೋಪಿ. 50 ಚದರ ಮೀಟರ್ ಮಾಡಿಗೆ 2000 ಮಿಲಿಮೀಟರ್ ಮಳೆ ಬಿದ್ರೆ 1 ಲಕ್ಷ ಲೀಟರ್ ನೀರು, ಅದರಲ್ಲಿ ಸ್ವಲ್ಪನಾದ್ರೂ ಟ್ಯಾಂಕಿಗೆ ಬಿಡಿ. 5 ವ್ಯಾಟ್‌ನ ಐದು ಬಲ್ಬ್ ಐದು ಗಂಟೆ ಉರಿದ್ರೆ 125 ವ್ಯಾಟ್-ಅವರ್, ಚಿಕ್ಕ ಸೋಲಾರ್ ಸಾಕು, ಮಳೆಗಾಲದಲ್ಲಿ ನಂಬಬೇಡಿ. ಬಿಸಿನೀರಿಗೆ ಹಂಡೆ ಒಲೇನೇ, ಮರಗಸಿ ಸೌದೆ, ಅಂದ್ರೆ ನೆರಳಿನ ಮರದ ಕೊಂಬೆ ಸವರಿದ್ದು, ಹೇಗೂ ಇರತ್ತೆ, ಆದ್ರೆ ಏಳು ಗಂಟೆಯೊಳಗೆ ಬೆಂಕಿ ಆರಿಸಿ, ಹೊಗೆ ಕಣದ ಮೇಲೇ ನಿಲ್ಲತ್ತೆ.

ಆನೆ ಓಡಾಡೋ ಊರಾದ್ರೆ ನೋಡೋ ಜಾಗ ಮನೆ ಬಾಗಿಲಿಂದ ಮೂವತ್ತು ಹೆಜ್ಜೆ ಒಳಗೇ ಇರಲಿ, ಕತ್ತಲಲ್ಲಿ ತೋಟ ಸುತ್ತಿಸೋ ಶೋಕಿ ಬೇಡ, ಊರಿನ ಆನೆ ವಾಟ್ಸಾಪ್ ಗ್ರೂಪ್ ನೋಡದೆ ಯಾರನ್ನೂ ಹೊರಗೆ ಕೂರಿಸಬೇಡಿ ಮಾರಾಯ್ರೆ.

ಬುಕಿಂಗ್ ಮಾಡೋವಾಗ್ಲೇ ಅಮಾವಾಸ್ಯೆ ಹುಣ್ಣಿಮೆ ಹೇಳಿಬಿಡಿ, ಹುಣ್ಣಿಮೆಗೆ ಬಂದು ಆಕಾಶಗಂಗೆ ಎಲ್ಲಿ ಅಂತ ಕೇಳೋರು ಇದ್ದಾರೆ. ಜೂನ್ ಕೊನೇಲಿ ಫೋನ್ ಮಾಡೋರಿಗೆ ನಾನು ಹೇಳೋದು ಇಷ್ಟು, ಈಗ ಆರಿದ್ರಾ ಮಳೆ, ಅಂದ್ರೆ ಸೂರ್ಯ ಆರಿದ್ರಾ ನಕ್ಷತ್ರದಲ್ಲೇ ಇದ್ದಾನೆ, ಮೋಡ ಇಲ್ದಿದ್ರೂ ಅದು ಕಾಣ್ತಿರ್ಲಿಲ್ಲ, ಜನವರೀಲಿ ಬನ್ನಿ, ರಾತ್ರಿ ಒಂಬತ್ತಕ್ಕೆ ಕೆಂಪಗೆ ಮೇಲೆ ಬಂದಿರತ್ತೆ, ತೋರಿಸ್ತೀನಿ.