ಆಷಾಢಕ್ಕೆ ಕ್ಯಾಮೆರಾ ಬ್ಯಾಟರಿ ಎತ್ತಿಡುವ ಮುನ್ನ

ಮದುವೆಗಳ ಭರಾಟೆ ಮುಗಿದು ಆಷಾಢ ಕಾಲಿಟ್ಟರೆ ವಿಡಿಯೊ ಚಿತ್ರೀಕರಣ ಮಾಡುವವರಿಗೆ ಬಿಡುವು. ಕರಾವಳಿಯಲ್ಲಿ ಯಕ್ಷಗಾನ ಚಿತ್ರೀಕರಿಸುವವರಿಗೂ ಅಷ್ಟೆ, ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಮಳೆಗಾಲವಿಡೀ ಕೆಲಸ ಕಡಿಮೆ. ಆಗ ಹೆಚ್ಚಿನವರು ಬ್ಯಾಟರಿಗಳನ್ನೆಲ್ಲ ಪೂರ್ತಿ ಚಾರ್ಜ್ ಮಾಡಿ ಎತ್ತಿಡುತ್ತಾರೆ. ಇನ್ನು ಕೆಲವರು ಕೊನೆಯ ಕಾರ್ಯಕ್ರಮದಲ್ಲಿ ಬರಿದಾದ ಬ್ಯಾಟರಿಯನ್ನು ಹಾಗೆಯೇ ಚೀಲದಲ್ಲಿ ಬಿಡುತ್ತಾರೆ. ಲಿಥಿಯಂ ಅಯಾನ್ ಬ್ಯಾಟರಿಗೆ ಇವೆರಡೂ ಕೆಟ್ಟದ್ದು. ಸಾವಿರಾರು ರೂಪಾಯಿ ಕೊಟ್ಟು ತಂದ ಬ್ಯಾಟರಿ ಕಪಾಟಿನಲ್ಲೇ ಸೊರಗುವುದನ್ನು ತಪ್ಪಿಸಲು ಹೊಸ ಉಪಕರಣವೇನೂ ಬೇಕಿಲ್ಲ.

ಕಾರಣ ತಿಳಿದರೆ ಕ್ರಮ ನೆನಪಿನಲ್ಲಿ ಉಳಿಯುತ್ತದೆ. ಬ್ಯಾಟರಿಯೊಳಗಿನ ಒಂದೊಂದು ಘಟಕವನ್ನು ಸೆಲ್ ಎನ್ನುತ್ತಾರೆ; ಪೂರ್ತಿ ಚಾರ್ಜ್ ಆದ ಒಂದು ಸೆಲ್‌ನಲ್ಲಿ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ. ಆ ಮಟ್ಟದಲ್ಲಿ ಒಳಗಿನ ಎಲೆಕ್ಟ್ರೊಲೈಟ್ ದ್ರವ ಎಲೆಕ್ಟ್ರೋಡ್‌ಗಳೊಂದಿಗೆ (ಸೆಲ್‌ನ ಎರಡು ಧ್ರುವಗಳೊಂದಿಗೆ) ನಿಧಾನವಾಗಿ ಪ್ರತಿಕ್ರಿಯಿಸುತ್ತಲೇ ಇರುತ್ತದೆ. ಒಂದಷ್ಟು ಲಿಥಿಯಂ ಮತ್ತೆ ಬಳಕೆಗೆ ಬಾರದಂತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕು. ಒಂದು ತಿಂಗಳ ನಷ್ಟ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಆದರೆ ಆಷಾಢ, ಧನುರ್ಮಾಸ, ಮತ್ತೆ ಮರುವರ್ಷದ ಆಷಾಢ ಎಂದು ಕೂಡುತ್ತ ಹೋದರೆ ಎರಡು ಗಂಟೆ ನಡೆಯುತ್ತಿದ್ದ ಬ್ಯಾಟರಿ ಧಾರೆಯ ಹೊತ್ತಿಗೆ ಕೈಕೊಡುತ್ತದೆ. ಹೀಗೆ ಕಳೆದ ಸಾಮರ್ಥ್ಯವನ್ನು ಯಾವ ಚಾರ್ಜರ್ ಕೂಡ ಮರಳಿಸಲಾರದು.

ಮೊದಲು ಬ್ಯಾಟರಿಯ ಮೇಲಿನ ಚೀಟಿ ಓದಿ. ಸಣ್ಣ ಕ್ಯಾಮೆರಾಗಳಿಗೂ ಎಲ್‌ಇಡಿ ದೀಪಗಳಿಗೂ ಬಳಸುವ ಎನ್‌ಪಿ-ಎಫ್ ಮಾದರಿಯಲ್ಲಿ 7.2 ಅಥವಾ 7.4 ವೋಲ್ಟ್ ಎಂದಿರುತ್ತದೆ. ಅಂದರೆ, ಸೆಲ್ ಒಂದಕ್ಕೆ ಸರಾಸರಿ 3.6 ಅಥವಾ 3.7 ವೋಲ್ಟ್‌ನಂತೆ ಎರಡು ಸೆಲ್‌ಗಳ ಸರಣಿ. ದೊಡ್ಡ ಕ್ಯಾಮೆರಾಗಳ ವಿ-ಮೌಂಟ್ ಬ್ಯಾಟರಿ ಸಾಮಾನ್ಯವಾಗಿ ನಾಲ್ಕು ಸೆಲ್‌ಗಳ ಸರಣಿಯದ್ದು, 14.4 ಅಥವಾ 14.8 ವೋಲ್ಟ್.

ಎತ್ತಿಡುವಾಗ ಚಾರ್ಜ್ ಅರ್ಧದ ಆಸುಪಾಸು, ಶೇ 40ರಿಂದ 50ರಷ್ಟು ಇರಲಿ. ನಾಲ್ಕು ದೀಪಗಳ ಸೂಚಕವಿದ್ದರೆ ಎರಡು ಉರಿಯುವ ಹಂತಕ್ಕೆ ನಿಲ್ಲಿಸಿ. ಪೂರ್ತಿ ತುಂಬಿದ್ದರೆ ಎಲ್‌ಇಡಿ ದೀಪಕ್ಕೆ ಹಾಕಿ ಸ್ವಲ್ಪ ಹೊತ್ತು ಉರಿಸಿ ಇಳಿಸಿ. ನಂತರ ಕ್ಯಾಮೆರಾದಿಂದಲೂ ದೀಪದಿಂದಲೂ ಕಳಚಿಡುವುದನ್ನು ಮರೆಯಬೇಡಿ. ಉಪಕರಣ ಆರಿಸಿದ್ದರೂ ಕೆಲವೊಮ್ಮೆ ಎಳೆಯಷ್ಟು ವಿದ್ಯುತ್ ಹೀರುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿ ತೀರಾ ಬರಿದಾಗುತ್ತದೆ. ಸೆಲ್‌ನ ಮಟ್ಟ 2.5 ವೋಲ್ಟ್‌ಗಿಂತ ಬಹಳ ಕೆಳಗಿಳಿದು ಹಾಗೆಯೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಬ್ಯಾಟರಿಯನ್ನು ಒಳ್ಳೆಯ ಚಾರ್ಜರ್ ಒಪ್ಪಿಕೊಳ್ಳುವುದಿಲ್ಲ. ವೈರ್ ಜೋಡಿಸಿ ಒತ್ತಾಯದಿಂದ ಚಾರ್ಜ್ ಮಾಡಿಕೊಡುವವರು ಸಿಗುತ್ತಾರೆ, ಅವರ ಬಳಿಗೆ ಹೋಗಬೇಡಿ. ತಾಮ್ರ ಕರಗಿದ ಸೆಲ್ ಒಳಗೊಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು.

ಇಡುವ ಜಾಗ ತಂಪಾಗಿ, ಒಣಗಿರಬೇಕು. ಶೀಟು ಹೊದಿಸಿದ ಸ್ಟುಡಿಯೊದ ಅಟ್ಟ ಖಂಡಿತ ಬೇಡ. ಒಳಕೋಣೆಯ ಕಪಾಟಿನ ಕೆಳಗಿನ ಅರೆ ಸಾಕು. ಫ್ರಿಜ್‌ನಲ್ಲಿ ಇಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಹೊರತೆಗೆದಾಗ ತೇವ ಕಟ್ಟಿ ಸಂಪರ್ಕ ತಗಡುಗಳು ಹಾಳಾಗುವ ಭಯವೇ ಹೆಚ್ಚು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಲಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಒಂದೇ ದೀಪಕ್ಕೆ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ.

ಸೀಸನ್‌ನಲ್ಲಿ ಬಳಸುವಾಗಿನ ಕ್ರಮ ಇನ್ನಷ್ಟು ಸರಳ. ಪೂರ್ತಿ ಬರಿದು ಮಾಡಿಯೇ ಚಾರ್ಜ್‌ಗೆ ಹಾಕಬೇಕೆಂಬ ಮಾತು ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗ ಅದರ ಮೊದಲ ಬಳಕೆಗಳಲ್ಲಿ ವಿಡಿಯೊ ಕ್ಯಾಮೆರಾವೂ ಒಂದು. ಇಷ್ಟು ವರ್ಷಗಳಾದರೂ ಆ ಹಳೆಯ ಅಭ್ಯಾಸ ಬಿಟ್ಟಿಲ್ಲ. ಕ್ಯಾಮೆರಾ ಎಚ್ಚರಿಕೆ ಕೊಟ್ಟ ಕೂಡಲೇ ಬ್ಯಾಟರಿ ಬದಲಿಸಿ. ಶೇಕಡಾವಾರು ಸೂಚಕ ತಪ್ಪು ತೋರಿಸತೊಡಗಿದರೆ ಮಾತ್ರ, ಕೆಲವು ತಿಂಗಳಿಗೊಮ್ಮೆ ಕ್ಯಾಮೆರಾ ತಾನಾಗಿ ಆರುವವರೆಗೆ ನಡೆಸಿ ಪೂರ್ತಿ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ.

ಮಂಟಪದಲ್ಲಿ ಉಪಯೋಗಕ್ಕೆ ಬರುವ ಸಂಗತಿಯೊಂದಿದೆ. ಚಾರ್ಜರ್ ಮೊದಲು ಒಂದೇ ಪ್ರಮಾಣದ ಕರೆಂಟ್ ಹರಿಸುತ್ತದೆ; ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಅದನ್ನು ಕ್ರಮೇಣ ತಗ್ಗಿಸುತ್ತದೆ. ಹಾಗಾಗಿ ಕೊನೆಯ ಐದನೇ ಒಂದು ಭಾಗ ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ಮುಹೂರ್ತ ಹತ್ತಿರವಾಗಿದ್ದರೆ ಶೇ 80 ಆದಾಗಲೇ ತೆಗೆದು ಬಳಸಿ, ಬ್ಯಾಟರಿಗೆ ಇದರಿಂದ ಒಳ್ಳೆಯದೇ. ಎಲ್‌ಇಡಿ ದೀಪದ ಬೆನ್ನಿನಿಂದ ಬಿಸಿಬಿಸಿಯಾಗಿ ಕಳಚಿದ್ದನ್ನು ಮಾತ್ರ ತಕ್ಷಣ ಚಾರ್ಜರ್‌ಗೆ ಸಿಕ್ಕಿಸಬೇಡಿ; ಮುಟ್ಟಿದರೆ ಬೆಚ್ಚಗೂ ಅನ್ನಿಸದಷ್ಟು ಆರಲಿ. ಚಾರ್ಜರನ್ನು ಜಮಖಾನೆ, ಹಾಸಿಗೆಗಳ ಮೇಲೆ ಇಡಬಾರದು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಊಟಕ್ಕೆ ಹೋಗುವಾಗಲೂ ಬ್ಯಾಟರಿ ಚೀಲ ನಿಮ್ಮ ಜೊತೆಗೇ ಬರಲಿ. ಲಡಾಖ್‌ನಂಥ ಕಡೆ ಇದಕ್ಕೆ ವಿರುದ್ಧ ಎಚ್ಚರಿಕೆ ಬೇಕು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಎಲೆಕ್ಟ್ರೋಡ್ ಮೇಲೆ ಕೂತು ಬ್ಯಾಟರಿಯನ್ನು ಕೆಡಿಸುತ್ತದೆ.

ಪ್ರತಿ ಬ್ಯಾಟರಿಯ ಮೇಲೂ ಮಾರ್ಕರ್‌ನಿಂದ ಸಂಖ್ಯೆ, ಕೊಂಡ ತಿಂಗಳು ಬರೆಯಿರಿ. ಸರದಿಯಂತೆ ಬಳಸಿದರೆ ಯಾವುದು ಬೇಗ ಸೋಲುತ್ತಿದೆ ಎಂಬುದು ತಾನೇ ಗೊತ್ತಾಗುತ್ತದೆ.

ವಿಮಾನದಲ್ಲಿ ಹೋಗುವವರು ಹೆಚ್ಚುವರಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಸಂಪರ್ಕ ತಗಡುಗಳಿಗೆ ಮುಚ್ಚಳ ಅಥವಾ ಟೇಪ್ ಇರಬೇಕು. 100 ವ್ಯಾಟ್ ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ವ್ಯಾಟ್ ಅವರ್ ಎಷ್ಟೆಂದು ತಿಳಿಯಲು ಚೀಟಿಯಲ್ಲಿರುವ ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ: 7.2 ವೋಲ್ಟ್, 6.6 ಆಂಪಿಯರ್ ಅವರ್ ಆದರೆ ಸುಮಾರು 47.5.

ಸಲೀಸಾಗಿ ಜಾರುತ್ತಿದ್ದ ಬ್ಯಾಟರಿ ಕ್ಯಾಮೆರಾದಲ್ಲಿ ಬಿಗಿಯಾಗತೊಡಗಿದರೆ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಮೈ ಉಬ್ಬಿದ್ದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಒತ್ತಬೇಡಿ, ಚುಚ್ಚಬೇಡಿ, ಇನ್ನೊಂದೇ ಸಲ ಎಂದು ಚಾರ್ಜ್‌ಗೆ ಹಾಕಬೇಡಿ. ಹೊಗೆ ಬಂದರೆ ಅದು ವಿಷ, ಎಲ್ಲರೂ ಹೊರಗೆ ಹೋಗಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಉಬ್ಬಿದ, ಸತ್ತ ಬ್ಯಾಟರಿಗಳ ಸಂಪರ್ಕಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಂಡ ಅಂಗಡಿಯಲ್ಲೇ ಈ ಬಗ್ಗೆ ವಿಚಾರಿಸಬಹುದು.