ಲಿನಕ್ಸ್‌ನ್ಯಾಗ ಸೌಂಡ್ ಎಲ್ಲಿ ನಿಂತೈತಿ ಅಂತ ಕೆಳಗಿಂದ ಹುಡುಕೂದು ಹೆಂಗ

ಸೌಂಡ್ ಬರವಲ್ದು ಅಂದ ಕೂಡ್ಲೇ ಸಿಸ್ಟಮ್ ಪೂರ್ತಿ ಫಾರ್ಮ್ಯಾಟ್ ಹೊಡ್ಯೋ ಮಂದಿ ನಮ್ಮ ಬಾಗಲಕೋಟಿ ಕಡೆ ಭಾಳ ಅದಾರ, ದಯವಿಟ್ಟು ಹಂಗ ಮಾಡಬ್ಯಾಡ್ರಿ. ಲಿನಕ್ಸ್ ಆಡಿಯೋ ಅಂದ್ರ ಒಂದರ ಮ್ಯಾಲ ಒಂದು ಕುಂತ ನಾಕೈದು ಲೇಯರ್. ಆಲಮಟ್ಟಿ ಕಾಲುವಿಗೆ ನಡುವ ಒಂದು ಗೇಟ್ ಮುಚ್ಚಿದ್ರೂ ತುದಿ ಹೊಲಕ್ಕ ನೀರು ಮುಟ್ಟಂಗಿಲ್ಲಲ್ಲ, ಹಂಗ ಇದೂ. ಮುಚ್ಚಿದ ಗೇಟ್ ಯಾವ್ದು ಅಂತ ಕೆಳಗಿಂದ ನೋಡ್ಕೋತ ಬಂದ್ರ ಸಾಕು.

ಎಲ್ಲಕ್ಕಿಂತ ಕೆಳಗ ಹಾರ್ಡ್‌ವೇರ್, ಲ್ಯಾಪ್‌ಟಾಪ್ ಒಳಗಿನ ಕೋಡೆಕ್ ಅನ್ನೋ ಸೌಂಡ್ ಚಿಪ್ ಇಲ್ಲಾ ಯುಎಸ್‌ಬಿ ಕಾರ್ಡ್. ಅದರ ಮ್ಯಾಲ ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗಿನ ಆಲ್ಸಾ ಅನ್ನೋ ಸೌಂಡ್ ಭಾಗ, ಡ್ರೈವರ್ ಇರೂದು ಇಲ್ಲೇ. ಟರ್ಮಿನಲ್ ತಗದು ಎಪ್ಲೇ (aplay) ಅಂತ ಬರದು ಸ್ಪೇಸ್ ಬಿಟ್ಟು ಹೈಫನ್, ಸಣ್ಣ ಎಲ್ ಹಾಕ್ರಿ. ಕಾರ್ಡಿನ ಹೆಸರು ಬಂತಂದ್ರ ಕರ್ನೆಲ್‌ಗೆ ಅದು ಕಂಡೈತಿ. ಬರಲಿಲ್ಲಂದ್ರ ಮ್ಯಾಲಿನ ಸೆಟ್ಟಿಂಗ್ ಏನ್ ತಿರುವಿದ್ರೂ ಉಪಯೋಗಿಲ್ಲ. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗೆ ಭಾಳ ಸಲ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಬೇಕಾಗ್ತೈತಿ, ಅದು ಇಲ್ಲದ್ದಕ್ಕ ಕಾರ್ಡ್ ಕಾಣಂಗಿಲ್ಲ, ಕರ್ನೆಲ್ ಸಂದೇಶ ತೋರ್ಸೋ ಡಿಮೆಸೇಜ್ (dmesg) ಕಮಾಂಡ್‌ನ್ಯಾಗ ನೋಡಿದ್ರ ತಿಳೀತೈತಿ.

ಕಾರ್ಡ್ ಐತಿ, ಸೌಂಡ್ ಇಲ್ಲ ಅಂದ್ರ ಟರ್ಮಿನಲ್‌ನ್ಯಾಗ ಆಲ್ಸಾಮಿಕ್ಸರ್ (alsamixer) ಓಪನ್ ಮಾಡ್ರಿ. ಮೊದಲ ಎಫ್6 ಒತ್ತಿ ಖರೇ ಕಾರ್ಡ್ ಆರಿಸ್ರಿ, ಇಲ್ಲಂದ್ರ ಮುಂದ ಹೇಳೋ ಸೌಂಡ್ ಸರ್ವರ್‌ನ ಒಂದಾ ಕಂಬ ಕಾಣ್ತೈತಿ. ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಕಂಬದ ಬುಡಕ ಎಂಎಂ ಅಂತ ಇದ್ರ ಅದು ಮ್ಯೂಟ್, ಎಮ್ ಒತ್ತಿದ್ರ ಓಓ ಆಗ್ತೈತಿ. ಹಂಗ ಬಲಕ್ಕ ಸರಿದ್ರ ಕೆಲವು ಕಾರ್ಡ್‌ನ್ಯಾಗ ಆಟೋ-ಮ್ಯೂಟ್ ಮೋಡ್ ಸಿಗ್ತೈತಿ, ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ಬಂದ್ ಮಾಡೂದು ಅದಾ.

ಇನ್ನ ಸೌಂಡ್ ಸರ್ವರ್, ಗೊಂದಲ ಹೆಚ್ಚು ಇಲ್ಲೇ. ಭಾಳಷ್ಟು ಕಾರ್ಡ್‌ನ ನೇರ ಹಿಡದ್ರ ಒಂದು ಹೊತ್ತಿಗೆ ಒಂದಾ ಆಪ್ ಬಳಸ್ಬೋದು, ಎಲ್ಲಾ ಆಪ್‌ಗಳ ಸೌಂಡ್ ಕೂಡಸಾಕ ನಡುವ ಒಬ್ಬರು ಬೇಕು. ಆ ಕೆಲಸಕ್ಕ ಪಲ್ಸ್‌ಆಡಿಯೋ ಬಂತು, 2007ರ ಫೆಡೋರಾ 8ರಾಗ ಡೀಫಾಲ್ಟ್ ಆತು. ರೆಕಾರ್ಡಿಂಗ್ ಮಂದಿ ಮಾತ್ರ ಜ್ಯಾಕ್ (JACK) ಅನ್ನೋ ಬ್ಯಾರೆ ಸೌಂಡ್ ಸರ್ವರ್ ಬಳಸ್ತಿದ್ರು, ಎರಡಕ್ಕೂ ಒಂದಾ ಕಾರ್ಡಿಗೆ ಜಗಳ. ವಿಮ್ ಟೇಮನ್ಸ್ ಅವರು ಚಾಲೂ ಮಾಡಿದ ಪೈಪ್‌ವೈರ್ ಎರಡೂ ಕೆಲಸ ತಗೊಂತು, 2021ರ ಫೆಡೋರಾ 34, ಆಮ್ಯಾಲ ಉಬುಂಟು 22.10ರಾಗ ಡೀಫಾಲ್ಟ್ ಆತು. ಫೈರ್‌ಫಾಕ್ಸ್‌ಗೆ ಇದು ಪಲ್ಸ್ ಹಂಗ ಕಾಣ್ತೈತಿ, ಆರ್ಡರ್ (Ardour) ಅನ್ನೋ ರೆಕಾರ್ಡಿಂಗ್ ಆಪ್‌ಗೆ ಜ್ಯಾಕ್ ಹಂಗ. ಅದಕ್ಕ ಪಲ್ಸ್‌ನ ಕಮಾಂಡ್ ಪ್ಯಾಕ್ಟಿಎಲ್ (pactl) ನಡೀತು, ಅಂದ್ರ ಪಲ್ಸ್ ಐತಿ ಅಂತ ತಿಳ್ಕೋಬ್ಯಾಡ್ರಿ, ಪ್ಯಾಕ್ಟಿಎಲ್ ಇನ್ಫೋ ಹೊಡದು ಸರ್ವರ್ ನೇಮ್ ಸಾಲು ಓದ್ರಿ.

ಸೌಂಡ್ ಯಾವ ಕಾರ್ಡಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೂದು ಮಾತ್ರ ಪೈಪ್‌ವೈರ್ ಜೊತಿ ನಡಿಯೋ ವೈರ್‌ಪ್ಲಂಬರ್. ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್ (wpctl status) ಹೊಡೀರಿ, ಸಿಂಕ್ಸ್ (Sinks, ಸೌಂಡ್ ಹೊರಗ ಹೋಗೋ ದಾರಿ) ಕೆಳಗ ಸ್ಟಾರ್ ಇದ್ದದ್ದು ಡೀಫಾಲ್ಟ್. ಟಿವಿಗೆ ಎಚ್‌ಡಿಎಂಐ ಹಚ್ಚಿದ ಮ್ಯಾಲ ಸ್ಟಾರ್ ಅಲ್ಲಿಗೆ ಜಿಗದಿರ್ತೈತಿ, ಅದಾ ಕಮಾಂಡಿನ ಸೆಟ್-ಡೀಫಾಲ್ಟ್ (wpctl set-default) ಜೊತಿ ನಿಮ್ಮ ಸ್ಪೀಕರ್ ನಂಬರ್ ಕೊಟ್ರ ವಾಪಸ್ ಬರ್ತೈತಿ. ಪೈಪ್‌ವೈರ್, ವೈರ್‌ಪ್ಲಂಬರ್ ರೀಸ್ಟಾರ್ಟ್ ಮಾಡೂ ಮುಂದ ಸುಡೋ (ಅಡ್ಮಿನ್ ಅಧಿಕಾರ ಕೊಡೋ sudo) ಹಾಕಬ್ಯಾಡ್ರಿ, ಯೂಸರ್ ಸೆಷನ್‌ನ್ಯಾಗ ನಡಿಯೋವು ಇವು, ಸಿಸ್ಟಮ್‌ಸಿಟಿಎಲ್‌ಗೆ (systemctl) ಯೂಸರ್ ಆಪ್ಷನ್ (--user) ಕೊಡ್ರಿ.

ತುದಿಗೆ ಆಪ್. ಹಾಡು ಹಚ್ಚಿ ಪಾವುಕಂಟ್ರೋಲ್ (pavucontrol) ಅನ್ನೋ ವಾಲ್ಯೂಮ್ ಆಪ್‌ನ ಪ್ಲೇಬ್ಯಾಕ್ ಟ್ಯಾಬ್ ನೋಡ್ರಿ, ಮೀಟರ್ ಕುಣಿಯಾಕತ್ತಿದ್ರ ಆಪ್ ಬರೋಬ್ಬರಿ ಐತಿ, ತೊಂದ್ರಿ ಕೆಳಗ.

ಭಜನಿ, ಪಾರಿಜಾತದ ಹಾಡು ರೆಕಾರ್ಡ್ ಮಾಡೋರಿಗೆ ಇನ್ನೊಂದು. 48000 ಹರ್ಟ್ಸ್‌ನ್ಯಾಗ 1024 ಕ್ವಾಂಟಮ್ (ಪೈಪ್‌ವೈರ್ ಒಮ್ಮೆಗೆ ಸಾಗಿಸೋ ಸ್ಯಾಂಪಲ್ ಎಣಿಕಿ) ಅಂದ್ರ ಒಂದು ಬಫರ್‌ಗೇ ಸುಮಾರು 21 ಮಿಲಿಸೆಕೆಂಡ್, ಹೆಡ್‌ಫೋನ್‌ನ್ಯಾಗ ತನ್ನ ದನಿ ಕೇಳ್ಕೋತ ಹಾಡೋರಿಗೆ ತಾಳ ತಪ್ಪಿದಂಗ ಆಗ್ತೈತಿ. 256ಕ್ಕ ಇಳಿಸಿದ್ರ 5ರ ಹತ್ರ ಬರ್ತೈತಿ. ಟರ್ಮಿನಲ್‌ನ್ಯಾಗ ಪಿಡಬ್ಲ್ಯೂ-ಟಾಪ್ (pw-top) ತಗದಿಟ್ಕೊಂಡು ರೆಕಾರ್ಡ್ ಮಾಡ್ರಿ, ಎರರ್ ಕಾಲಮ್ ಏರಾಕತ್ತಿ ಚಟಪಟ ಸೌಂಡ್ ಬಂತಂದ್ರ 512ಕ್ಕ ಏರಿಸ್ರಿ.