ಹಿಮವಿಲ್ಲದ ಕ್ರಿಸ್‌ಮಸ್: ಕಾಫಿ ಗೋದಾಮಿನಲ್ಲಿ ಮಾಡಿದ 22 ನಿಮಿಷದ ಅನಿಮೇಷನ್

ಸೆಕೆಂಡಿಗೆ 8 ಚಿತ್ರ, ತುಸುತುಸು ಸರಿಸಿ ಒಂದೊಂದೇ ಫೋಟೋ ತೆಗೆಯುವ ಕತ್ತರಿಸಿದ ಕಾಗದದ ಬೊಂಬೆಗಳು, ನಟನೆ ಕಲಿಯದ ಮಕ್ಕಳ ಧ್ವನಿ: ಇವಿಷ್ಟನ್ನೇ ನಂಬಿ ಮನೆಮಂದಿಯೆಲ್ಲ ಕೂತು ನೋಡುವಂಥ ಕ್ರಿಸ್‌ಮಸ್ ಚಿತ್ರ ಮಾಡಲಾಗದು ಎಂದು ಬೆಂಗಳೂರಿನ ಅನಿಮೇಷನ್ ಗೆಳೆಯರು ಒಕ್ಕೊರಲಿನಿಂದ ಹೇಳಿದ್ದರು. ಕಳೆದ ಡಿಸೆಂಬರಿನಲ್ಲಿ ಕೊಡಗಿನ ಸಿದ್ದಾಪುರ, ಸುಂಟಿಕೊಪ್ಪ, ವಿರಾಜಪೇಟೆಯ ಸುತ್ತಲಿನ ಕಾಫಿ ತೋಟಗಳಲ್ಲಿ ಚಿತ್ರವನ್ನು ತೋರಿಸಿದ ಮೇಲೆ ಅದೇ ಗೆಳೆಯರು ವಿಧಾನ ಕೇಳತೊಡಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಥೆ ಸಣ್ಣದು: ತೋಟದ ಕಾರ್ಮಿಕರ ಸಾಲುಮನೆಯ, ಅಂದರೆ ಲೈನ್ ಮನೆಯ, ಹುಡುಗಿಯೊಬ್ಬಳು ಬಾಗಿಲ ಮುಂದೆ ನಕ್ಷತ್ರದ ದೀಪ ತೂಗುಹಾಕಬೇಕೆಂದು ಹೊರಡುತ್ತಾಳೆ, ಆದರೆ ಕೊಯ್ಲಿನ ಭರಾಟೆಯಲ್ಲಿ ಅವಳಿಗೆ ನೆರವಾಗಲು ಯಾರಿಗೂ ಪುರುಸೊತ್ತಿಲ್ಲ.

ನಮಗೆ ಸ್ಟುಡಿಯೋ ಎಂದರೆ ಸಂಬಂಧಿಕರ ಕಾಫಿ ಗೋದಾಮು. ಅರೇಬಿಕಾ ಕೊಯ್ಲು ಶುರುವಾಯಿತೆಂದರೆ ಅದು ಚೀಲಗಳಿಗೆ ಬೇಕಾಗುವುದರಿಂದ, ಚಿತ್ರೀಕರಣಕ್ಕೆ ನಮ್ಮ ಪಾಲಿಗೆ ಉಳಿದದ್ದು ಜೂನ್‌ನಿಂದಾಚೆಗಿನ ಮಳೆಗಾಲ ಮಾತ್ರ. ಕೊಡಗಿನ ಮಳೆಯಲ್ಲಿ ಕಾಗದದ ಬೊಂಬೆ ಏನಾಗುತ್ತದೆಂದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಬ್ಯಾಚಿನ ಬೊಂಬೆಗಳು ರಾತ್ರೋರಾತ್ರಿ ಸುರುಳಿಯಾದವು, ಲೆನ್ಸಿನೊಳಗೆ ಬೂಷ್ಟು ಹಿಡಿಯಿತು, ಸುಮಾರು 18 ಸಾವಿರ ರೂಪಾಯಿ ಅಲ್ಲಿಗೇ ಮುಳುಗಿತು. ಆಮೇಲೆ ಬೊಂಬೆಗಳನ್ನು ಎರಡೂ ಬದಿ ಅರಗಿನಿಂದ ಲೇಪಿಸಿ, ಒಳಗೆ ಸಣ್ಣ ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿಟ್ಟೆವು. ಕರೆಂಟು ಏರಿಳಿದರೆ ಬೆಳಕು ಮಿನುಗುತ್ತದೆಂಬ ಕಾರಣಕ್ಕೆ ದೀಪಗಳನ್ನೆಲ್ಲ ಬ್ಯಾಟರಿಗೆ ಸೇರಿಸಿದೆವು. ಪ್ರತಿ ಕ್ಲಿಕ್ಕಿಗೂ ಬೆಳಕನ್ನು ಒಳಬಿಡುವ ಕಿಂಡಿ (ಅಪರ್ಚರ್) ತುಸು ಹೆಚ್ಚುಕಡಿಮೆ ಮುಚ್ಚುವ ಹೊಸ ಲೆನ್ಸನ್ನು ಬದಿಗಿಟ್ಟು, ಕೈಯಲ್ಲಿ ತಿರುಗಿಸುವ ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಕೂರಿಸಿದ ಮೇಲೆಯೇ ಮಿನುಗು ಪೂರ್ತಿ ನಿಂತಿತು.

ಸೆಕೆಂಡಿಗೆ 12 ಚಿತ್ರದ ಲೆಕ್ಕ ಹಿಡಿದರೆ ತೆಗೆಯಬೇಕಾದ ಫೋಟೋಗಳು ಹದಿನಾರು ಸಾವಿರದ ಹತ್ತಿರ ಆಗುತ್ತಿದ್ದವು. 8ಕ್ಕೆ ಇಳಿಸಿದ್ದರಿಂದ ಹತ್ತೂವರೆ ಸಾವಿರದ ಆಸುಪಾಸಿಗೆ ಬಂದವು. ಚಲನೆ ಕುಂಟುತ್ತದೆ ಎಂಬ ಆಕ್ಷೇಪ ಬಂದದ್ದು ಅನಿಮೇಟರುಗಳಿಂದ ಮಾತ್ರ, ನೋಡಿದ ಒಂದು ಕುಟುಂಬವೂ ಅದನ್ನು ಎತ್ತಲಿಲ್ಲ.

ನಿಜವಾದ ಸೋಲು ಧ್ವನಿಯಲ್ಲಿತ್ತು. ಮಕ್ಕಳ ಉಚ್ಚಾರ ಅರ್ಥವಾಗದು, ಮಿಮಿಕ್ರಿ ಬಲ್ಲ ದೊಡ್ಡವರನ್ನು ಹಾಕಿಕೊಳ್ಳಿ ಎಂಬ ಸಲಹೆಗೆ ಮಣಿದು ನಲವತ್ತು ಸಾವಿರದಷ್ಟು ಕೊಟ್ಟು ಡಬ್ ಮಾಡಿಸಿದೆವು. ಕೇಳಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಪ್ರಯೋಗಕ್ಕೆಂದು ತೋರಿಸಿದಾಗ ಹತ್ತನೆಯ ನಿಮಿಷಕ್ಕೆ ಮಕ್ಕಳು ಅಂಗಳಕ್ಕೆ ಓಡಿದರು, ದೊಡ್ಡವರು ಮೊಬೈಲ್ ತೆಗೆದರು. ಮಾತೇ ಇಲ್ಲದೆ ಮಾಡೋಣವೆಂದೂ ಯೋಚಿಸಿದ್ದುಂಟು; 1982ರ ಬ್ರಿಟನ್ನಿನ ‘ದ ಸ್ನೋಮ್ಯಾನ್’ನಲ್ಲಿ ಪಾತ್ರಗಳು ಮಾತನಾಡುವುದಿಲ್ಲ. ಆದರೆ ಅಲ್ಲಿ ಬಣ್ಣದ ಪೆನ್ಸಿಲ್ಲಿನ ಗೆರೆ ಪ್ರತಿ ಚಿತ್ರದಲ್ಲೂ ಮಿಡಿಯುತ್ತದೆ, ಹಿಂದೆ ಆರ್ಕೆಸ್ಟ್ರಾ ಇದೆ. ನಮ್ಮ ಬಳಿ ಎರಡೂ ಇರಲಿಲ್ಲ.

ದಾರಿ ತೋರಿಸಿದ್ದು 1965ರ ಡಿಸೆಂಬರ್ 9ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಮೊದಲು ಪ್ರಸಾರವಾದ ಅನಿಮೇಷನ್ ಚಿತ್ರ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. ಅದರಲ್ಲಿ ಮಾತಾಡಿದವರು ಮಕ್ಕಳೇ. ಓದಲು ಬಾರದಷ್ಟು ಚಿಕ್ಕವರಿಗೆ ಸಂಭಾಷಣೆಯನ್ನು ತುಂಡುತುಂಡಾಗಿ ಹೇಳಿಕೊಟ್ಟು ಧ್ವನಿಮುದ್ರಿಸಿದ್ದರು, ಹಿನ್ನೆಲೆಗೆ ನಗುವಿನ ಟ್ರ್ಯಾಕ್ ಹಾಕಿರಲಿಲ್ಲ. ಚಲನೆ ಪೆಡಸು, ಜೋಡಣೆ ಒರಟು. ವಾಹಿನಿಯ ಅಧಿಕಾರಿಗಳಿಗೇ ಹಿಡಿಸದ ಆ ಚಿತ್ರ ಮುಂದೆ ಎಮ್ಮಿ, ಪೀಬಡಿ ಎರಡೂ ಪ್ರಶಸ್ತಿ ಪಡೆಯಿತು.

ನಾವೂ ಹಾಗೆಯೇ ಮಾಡಿದೆವು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕಿಗೆ ಬೇರೇನೂ ಕೇಳಿಸದಾದ್ದರಿಂದ, ಕಾಫಿ ಹೂವರಳಿಸುವ ಹೂ ಮಳೆ ಮುಗಿದ ಬೇಸಿಗೆ ರಜೆಯಲ್ಲಿ ತೋಟದ ಮಕ್ಕಳನ್ನು ಕೂರಿಸಿಕೊಂಡು, ಒಂದು ಉಸಿರಿಗೆ ಹಿಡಿಯುವಷ್ಟೇ ಮಾತನ್ನು ಹೇಳಿಕೊಟ್ಟು ಹೇಳಿಸಿದೆವು. ನಾವು ಸೇರಿಸಿದ್ದು ಒಂದಿದೆ: ಪ್ರತಿ ಮಾತಿಗೆ ಮುಂಚೆ ಮಗುವಿನ ಕೈಗೆ ಏನೋ ಒಂದು ಕೆಲಸ ಕೊಡುತ್ತಿದ್ದೆವು. ಯಾವ ಮಾತಿಗೆ ಯಾವ ಕೆಲಸ ಎಂಬುದೇ ನಮ್ಮ ಬಂಡವಾಳವಾದ್ದರಿಂದ ಅದನ್ನು ಇಲ್ಲಿ ಹೇಳಲಾರೆ. ಸಂಭಾಷಣೆ ಮೊದಲು, ಚಿತ್ರ ಆಮೇಲೆ. ಮಕ್ಕಳು ತಡವರಿಸಿದ ಕಡೆ ಬೊಂಬೆಯನ್ನೂ ತಡವರಿಸುವಂತೆ ಮಾಡಿದೆವು. ಇಷ್ಟು ಸಹಜವಾದ ಮಾತನ್ನು ಕನ್ನಡದ ಅನಿಮೇಷನ್ನಿನಲ್ಲಿ ನಾನಂತೂ ಕೇಳಿಲ್ಲ.

ಅಡ್ಡ ಪ್ರಯೋಗಗಳೂ ನಡೆದವು. ಮಣ್ಣಿನ ಬಣ್ಣಕ್ಕೆಂದು ಕಾಗದವನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಬಣ್ಣ ಸೊಗಸಾಗಿ ಬಂತು, ವಾರ ಕಳೆಯುವುದರೊಳಗೆ ಬೂಷ್ಟೂ ಬಂತು. ನಿಜವಾದ ಕಾಫಿ ಹಣ್ಣನ್ನು ಇಟ್ಟು ತೆಗೆದ ದೃಶ್ಯದಲ್ಲಿ ಹಣ್ಣು ದೀಪದ ಕೆಳಗೆ ಕಪ್ಪಾಗುತ್ತ ಹೋದದ್ದು ಪರದೆಯ ಮೇಲೆ ಎದ್ದು ಕಂಡದ್ದರಿಂದ ಕೆಂಪು ಮಣಿಗಳಿಗೆ ಇಳಿದೆವು. ನಡುವಿನ ಚಿತ್ರಗಳನ್ನು ತಾನೇ ತುಂಬುವ ತಂತ್ರಾಂಶವನ್ನೂ ನೋಡಿದೆವು. ಬೊಂಬೆಯ ಕೈಗಳು ಮೇಣದಂತೆ ಕರಗಿ ಹರಿದವು. ಹಿಮದ ಬದಲಿಗೆ ಬೆಳಗಿನ ಮಂಜನ್ನು ಗಾಜಿನ ಪದರಗಳ ಮೇಲೆ ಬಟರ್ ಪೇಪರ್ ಇಟ್ಟು ತಂದೆವು, ಅದು ಚಲಿಸುವ ಬಗೆ ನಮ್ಮಲ್ಲೇ ಇರಲಿ. ಸಂಗೀತಕ್ಕೆ 1818ರಷ್ಟು ಹಳೆಯ ‘ಸೈಲೆಂಟ್ ನೈಟ್’ನ ಧಾಟಿಯನ್ನು ಕೊಡಗಿನ ಪುಟ್ಟ ಚರ್ಮವಾದ್ಯ ದುಡಿಯ ಜೊತೆ ನಾವೇ ನುಡಿಸಿದ್ದರಿಂದ ಹಕ್ಕಿನ ಖರ್ಚು ಬರಲಿಲ್ಲ.

ಚಿತ್ರದ ಗುಣವೆಂದರೆ ಅದರಲ್ಲಿ ಖಳನಿಲ್ಲ, ಉಪದೇಶವಿಲ್ಲ. ಯೇಸು ಹುಟ್ಟಿದ ಗೋದಲಿಯ ದೃಶ್ಯವನ್ನು ಹಿಂದೂ, ಮುಸ್ಲಿಂ ನೆರೆಹೊರೆಯವರೂ ತಮ್ಮ ಮನೆಯದೆಂಬಂತೆ ನೋಡಿದರು. ಅಜ್ಜಿಯ ಹಾಸ್ಯಕ್ಕೆ ದೊಡ್ಡವರು ನಗುವಾಗ ಮಕ್ಕಳು ಬೆಕ್ಕನ್ನು ನೋಡಿ ನಗುತ್ತಿದ್ದರು. ಕುಟುಂಬದ ಚಿತ್ರಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಕೊರತೆಗಳೂ ಉಂಟು. ಕೊಯ್ಲಿನ ಸಂಭ್ರಮ ನೋಡಲು ಚೆಂದವಾದರೂ ಅಲ್ಲಿ ಕಥೆ ಐದು ನಿಮಿಷ ನಿಂತ ನೀರಾಗುತ್ತದೆ. ತಾಯಿಯ ಪಾತ್ರ ಒಲೆಯ ಮುಂದಿನಿಂದ ಏಳುವುದೇ ಇಲ್ಲ. ನಕ್ಷತ್ರ ಹೊತ್ತಿಕೊಳ್ಳುವ ಗಳಿಗೆ ಬೇಗನೆ ಬಂದು ಬೇಗನೆ ಮುಗಿಯುತ್ತದೆ. ಬೊಂಬೆಗಳಿಗೆ ಆರೇ ಬಗೆಯ ಬಾಯಿಗಳನ್ನು ಕತ್ತರಿಸಿಕೊಂಡಿದ್ದರಿಂದ ಸಮೀಪ ದೃಶ್ಯಗಳಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ.

ಒಟ್ಟು ಖರ್ಚು ಮೂರೂವರೆ ಲಕ್ಷ ದಾಟಿರಬೇಕು. ತೋಟಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ, ಒಂದೆರಡು ಹೋಂಸ್ಟೇಗಳಲ್ಲಿ ತೋರಿಸಿ ಎರಡು ಲಕ್ಷದ ಹತ್ತಿರ ಬಂದಿದೆ. ಉಳಿದದ್ದು ಈ ಡಿಸೆಂಬರಿನಲ್ಲಿ ಬರುವ ಅಂದಾಜಿದೆ. ಅಷ್ಟರೊಳಗೆ ಕೊಯ್ಲಿನ ಭಾಗವನ್ನು ಎರಡು ನಿಮಿಷಕ್ಕೆ ಇಳಿಸಿ, ಉಳಿದ ಸಮಯವನ್ನು ತಾಯಿಗೂ ನಕ್ಷತ್ರಕ್ಕೂ ಕೊಡುತ್ತಿದ್ದೇವೆ. ತಾಯಿಯ ಹೊಸ ಮಾತುಗಳನ್ನು ಮೇ ತಿಂಗಳಲ್ಲೇ ಹೇಳಿಸಿಟ್ಟಾಗಿದೆ.